ಮದಿನಾಬಿಯ ಎರಡು ಕಿವಿ

ಮದಿನಾಬಿ ತೀರಿಕೊಂಡು ಎರಡು ವರ್ಷವಾಯಿತು. ಗೋಕಾಕದ ನಮ್ಮ ಓಣಿಯಲ್ಲಿ ಯಾರಿಗೆ ಕಿವಿ ನೋವು ಬಂದರೂ ಮೊದಲು ಹೋಗುತ್ತಿದ್ದದ್ದು ಅವಳ ಕಟ್ಟೆಗೆ. ಕುಸುಬಿ ಎಣ್ಣೆಯಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ ಕೆಂಪಗೆ ಕಾಯಿಸಿ, ಅರಿವೆಯಲ್ಲಿ ಸೋಸಿ, ತನ್ನ ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡುವಳು. ಎಣ್ಣೆ ಇಳಿಯುವ ತನಕ ತವರೂರು ಹುಕ್ಕೇರಿಯ ಸುದ್ದಿ ಹೇಳುವಳು. ನನ್ನ ಮೂರೂ ಮಕ್ಕಳು ಅವಳ ತೊಡೆಯ ಮೇಲೆ ಅಳು ಮರೆತು ನಿದ್ದೆಹೋದವರೇ.

ಆರು ವರ್ಷದ ಹಿಂದೆ, ಮಳೆಗಾಲದಲ್ಲಿ, ಅವಳ ಎರಡೂ ಕಿವಿ ಕೆಟ್ಟವು. ತಲೆಗೆ ಎರೆದುಕೊಂಡಾಗಲೆಲ್ಲ ಪಿನ್ನಿನಿಂದ ಕಿವಿ ಕೆರೆದುಕೊಳ್ಳುವ ಚಟ ಅವಳದು. ಸೊಸೆ ಸುಮಯ್ಯಾ ದವಾಖಾನೆಗೆ ಕರೆದೊಯ್ದರೆ, ಇವಳು ಡಾಕ್ಟರಿಗೆ ಬಲಗಿವಿಯಷ್ಟೇ ತೋರಿಸಿ, ಎಡಗಿವಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

"ಬಲಗಿವಿ ಡಾಕ್ಟರಂದು, ಎಡಗಿವಿ ನಂದು. ಯಾವುದು ಮೊದಲ ಆರತೈತಿ ನೋಡೂಣು," ಎಂದಳು ನನಗೆ. "ಸುಮಯ್ಯಾ ಡಾಕ್ಟರ ಕಡೀಕಿನಾಕಿ. ನೀನ ಹಾಕ, ಉದ್ದವ್ವಾ."

ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಡಾಕ್ಟರು ಕೊಟ್ಟ ಔಷಧದ ಬಾಟಲಿಯನ್ನು ಮುಷ್ಟಿಯಲ್ಲಿ ಬೆಚ್ಚಗೆ ಮಾಡಿ ಬಲಕ್ಕೆ ಐದು ಹನಿ. ಎಡಕ್ಕೆ ಎಣ್ಣೆ, ಅದೂ ಐದೇ ಹನಿ. ಒಂದೊಂದು ಮಗ್ಗುಲಿಗೂ ಐದೈದು ನಿಮಿಷ ಮಲಗಿಸುತ್ತಿದ್ದೆ. ಎರಡನೆಯ ದಿನ ಎರಡೂ ಕಡೆ ನೋವು ಅಷ್ಟೇ ಇತ್ತು. ನಿನ್ನ ಡಾಕ್ಟರು ಕುಂಟಾಕತ್ತಾರ ಎಂದು ಸೊಸೆಯನ್ನು ಕಾಡಿಸಿದಳು. ನಾಲ್ಕನೆಯ ದಿನ ಬಲಗಿವಿ ಜಗ್ಗಿದರೂ ನೋವೆನ್ನಲಿಲ್ಲ. ಏಳನೆಯ ದಿನ ಅದು ಒಣಗಿತ್ತು. ಎಡಗಿವಿ ಬಾತು ತೂತೇ ಮುಚ್ಚಿ, ಎಣ್ಣೆ ಒಳಗೆ ಹೋಗದೆ ಕೊರಳಿಗಿಳಿಯಿತು.

"ಖರೆ ಹೇಳ. ನನ್ನ ಎಣ್ಣಿ ಸೋತತೇನು?"

ಅವಳ ಕೊರಳಿನ ಎಣ್ಣೆ ಒರೆಸಿದೆ. "ಸೋತೈತಿ, ಅಕ್ಕಾ," ಎಂದೆ.

ಮರುದಿನ ತಾನೇ ದವಾಖಾನೆಗೆ ಹೊರಟಳು, ಜೊತೆಗೆ ನಾನು. ಡಾಕ್ಟರು ಎಡಗಿವಿ ಸ್ವಚ್ಛ ಮಾಡಿ, ಔಷಧದಲ್ಲಿ ಅದ್ದಿದ ಬತ್ತಿ ಇಟ್ಟರು. ಎಷ್ಟು ದಿನದಿಂದ ಎಣ್ಣೆ ಹಾಕುತ್ತಿದ್ದೀರಿ ಎಂದು ಕೇಳಿದರು.

"ನನಗ ಏಳ ದಿನ. ಓಣಿ ಮಂದಿಗೆ ಮೂವತ್ತ ವರ್ಷ," ಎಂದಳು. "ಯಾರದರ ಕಿವಿ ಕೆಡಿಸೇನೇನ್ರಿ ನಾ?"

ಎಷ್ಟೋ ನೋವು ತಾನಾಗಿಯೇ ಇಳಿಯುತ್ತದೆ, ಆದರೆ ಕೀವಿದ್ದ ಕಿವಿಗೆ, ತಮಟೆ ಹರಿದ ಕಿವಿಗೆ ಎಣ್ಣೆ ಹಾಕಬಾರದು ಎಂದರು ಡಾಕ್ಟರು.

ಅವತ್ತು ಸಂಜೆ ಓಣಿಯ ಹನ್ನೊಂದೂ ಮನೆಗೆ ಹೋಗಿ, ಇನ್ನು ನನ್ನ ಎಣ್ಣೆ ಬೇಡ ಎಂದು ಹೇಳಿ ಬಂದಳು. ಕಡೆಯ ಮನೆಯ ಅಲ್ಲವ್ವ ಎಲ್ಲ ಕೇಳಿ, ಚಹಾ ಸೋಸಿ ಕೊಟ್ಟು, "ಹಂಗಾರ ನಾಳಿ ಹುಡುಗರಿಗೆ ಕಿವಿ ನೋವ ಬಂದರ ಯಾರ ಮನಿಗೆ ಬರೂಣು?" ಎಂದಳು.

"ನನ್ನ ಮನಿಗೇ ಬಾ. ದವಾಖಾನಿಗೆ ಕೂಡೇ ಹೋಗೂಣು," ಎಂದಳು ಮದಿನಾಬಿ.