ಅವ್ವ ಕಾಲಿಗೆಂದು ಕುಡಿದ ಕಷಾಯ

ಊಟಕ್ಕೆ ಕುಳಿತಿದ್ದಾಗ ಅವ್ವ ಕೈ ಚಾಚಿ ನನ್ನ ಕೆನ್ನೆಯ ಮೇಲಿಂದ ಏನನ್ನೋ ಒರೆಸಿದಳು. ಜೇಡರ ಬಲೆ ತಾಕಿರಬೇಕೆಂದು ನಾನೂ ಮುಖ ಉಜ್ಜಿಕೊಂಡೆ. ಅವ್ವ ಮತ್ತೆ ಒರೆಸಿದಳು. "ಹೋಗ್ತಾನೇ ಇಲ್ಲ ನೋಡು. ಕರೀ ದಾರ. ಹಣೆಯಿಂದ ಇಳ್ದು ನಿನ್ ಬಾಯಿಗೇ ಹೋಗ್ತಾ ಐತೆ," ಅಂದಳು. ಎದ್ದು ಹೋಗಿ ಕನ್ನಡಿ ನೋಡಿಕೊಂಡೆ, ಏನೂ ಇರಲಿಲ್ಲ. ಬಂದು ಕೂತಾಗ ಅವ್ವ ಗೋಡೆಯ ಕಡೆ ತಿರುಗಿದ್ದಳು. "ಈಗ ಅಲ್ಲಿಗೆ ಹೋತು," ಎಂದು ಸಣ್ಣ ದನಿಯಲ್ಲಿ ಹೇಳಿ ಅನ್ನ ಕಲಸಿಕೊಂಡಳು. ಮಟಮಟ ಮಧ್ಯಾಹ್ನ, ಬೀದಿ ಬಾಗಿಲು ತೆರೆದೇ ಇತ್ತು. ಆದರೂ ನಾನು ಎದ್ದು ಲೈಟು ಹಾಕಿದೆ.

ಅವ್ವನಿಗೆ ಆಗ ಉಳಿದಿದ್ದು ಒಂದೇ ಕಣ್ಣು. ಎಡಗಣ್ಣನ್ನು ಸಕ್ಕರೆ ಕಾಯಿಲೆ ಎಂದೋ ನುಂಗಿ ನೀರು ಕುಡಿದಿತ್ತು. ಬಲಗಣ್ಣನ್ನಾದರೂ ಉಳಿಸಿಕೊಳ್ಳೋಣವೆಂದು ನಾವಿಬ್ಬರೂ ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದೆವು. ಅಲ್ಲಿ ಕಣ್ಣಿನ ಡಾಕ್ಟರಮ್ಮ ಒಬ್ಬರಿದ್ದರು, ಮಾತು ಕಡಿಮೆ, ಕೆಲಸ ಚೊಕ್ಕ. ಕಣ್ಣಿನ ಒಳಪರದೆಗೆ ರಕ್ತ ಸಾಲದಾದಾಗ ಅಲ್ಲಿ ಹೊಸ ರಕ್ತನಾಳಗಳು ಚಿಗುರುತ್ತವಂತೆ. ಚಿಗುರುವುದೇನೋ ಒಳ್ಳೆಯದಕ್ಕೇ, ಆದರೆ ಅವು ಗಟ್ಟಿಯಿಲ್ಲದ ನಾಳಗಳು, ಒಡೆದು ಕಣ್ಣೊಳಗೆಲ್ಲ ರಕ್ತ ಸೋರಿಸುತ್ತವೆ. ಹಾಗೆ ಚಿಗುರದಂತೆ ತಡೆಯಲು ಅವರು ಕಣ್ಣಿಗೇ ಇಂಜೆಕ್ಷನ್ ಕೊಡುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ರಕ್ತನಾಳದ ಪಾಠವನ್ನು ಎಷ್ಟು ಸಲ ಮಾಡಿದ್ದೆನೋ, ಆದರೆ ಸೂಜಿ ಅವ್ವನ ಕಣ್ಣಿನ ಹತ್ತಿರ ಬಂದಾಗ ನಾನು ಗೋಡೆ ನೋಡುತ್ತ ನಿಲ್ಲುತ್ತಿದ್ದೆ.

ಇದರ ಮಧ್ಯೆ ಅವಳ ಬಲಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಹುಣ್ಣಾಯಿತು. ಒಣಗಲೇ ಇಲ್ಲ. ಪಾದಕ್ಕೆ ರಕ್ತ ಹೋಗುತ್ತಿಲ್ಲ, ಬೆರಳು ಕಪ್ಪಾದರೆ ಪಾದ ತೆಗೆಯಬೇಕಾದೀತು ಎಂದು ಕಾಲು ನೋಡಿದ ಡಾಕ್ಟರು ಹೇಳಿದ್ದರು. ಅವ್ವ ಆ ಮಾತನ್ನು ಕೇಳಿಸಿಕೊಳ್ಳದವಳಂತೆ ಮನೆಗೆ ಬಂದು ಜಗಲಿಯ ಮೇಲೆ ಹೂ ಕಟ್ಟುತ್ತ ಕೂತಳು. ನಮ್ಮ ಮನೆ ನಡೆದಿದ್ದೇ ಅವಳ ಹೂವಿನ ವ್ಯಾಪಾರದಿಂದ. ಕಟ್ಟುವಾಗ ಅವಳು ಹೂವಿನ ಕಡೆ ನೋಡುತ್ತಲೇ ಇರಲಿಲ್ಲ, ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತ ಮಾರುಗಟ್ಟಲೆ ಕಟ್ಟಿ ಬಿಸಾಡುತ್ತಿದ್ದಳು.

ಆಮೇಲೆ ಆ ಹುಣ್ಣು ವಾಸಿಯಾಗತೊಡಗಿತು. ನಾನೇ ದಿನಾ ತೊಳೆದು ಬಟ್ಟೆ ಕಟ್ಟುತ್ತಿದ್ದವಳು, ನನಗೆ ನಂಬಿಕೆಯೇ ಬರಲಿಲ್ಲ. ಸತ್ತ ಬೂದಿ ಬಣ್ಣದ ಮಾಂಸದ ಅಂಚಿನಲ್ಲಿ ಎಳೆಗೆಂಪು ಕಾಣಿಸಿಕೊಂಡಿತು. ಒರೆಸಿದರೆ ಹನಿ ರಕ್ತ ಬರುತ್ತಿತ್ತು. ಖುಷಿಪಡಬೇಕಾದ ನಾನು ಯಾಕೋ ಹೆದರಿದೆ. ಅದೇ ವಾರ ಅವ್ವ ನನ್ನ ಮುಖದ ಮೇಲಿನ ದಾರ ಒರೆಸಲು ಶುರು ಮಾಡಿದ್ದು. ದಾರ ಕವಲೊಡೆಯಿತು. ಒಂದು ದಿನ ಜಗಲಿಯ ಮೇಲೆ ನೀರಿನಲ್ಲಿ ಬೆರಳು ಅದ್ದಿ, ತನಗೆ ಕಾಣುವುದನ್ನು ಗೀಚಿ ತೋರಿಸಿದಳು. ಒಂದು ಕಾಂಡ, ಅದರಿಂದ ಕೆಳಕ್ಕೆ ಹರಡಿದ ಬೇರು. "ದಿನಾ ಒಂದೊಂದು ಎಳೆ ಜಾಸ್ತಿ ಆಗ್ತಾವೆ," ಅಂದಳು. ಬಿಸಿಲಿಗೆ ನೀರು ಆರಿಹೋಯಿತು. ಆರಿದ ಕಲ್ಲಿನ ಮೇಲೂ ನನಗದು ಸ್ವಲ್ಪ ಹೊತ್ತು ಕಾಣುತ್ತಲೇ ಇತ್ತು.

ಚಿತ್ರದುರ್ಗಕ್ಕೆ ಓಡಿದೆವು. ಡಾಕ್ಟರಮ್ಮ ಕಣ್ಣಿನ ಒಳಗಿನ ಫೋಟೊ ತೆಗೆದು ಪರದೆಯ ಮೇಲೆ ತೋರಿಸಿದರು. ಕಿತ್ತಳೆ ಬಣ್ಣದ ಗುಂಡು, ಅದರ ತುಂಬ ಕೆಂಪು ಕವಲುಗಳು, ಒಂದು ಮೂಲೆಯಲ್ಲಿ ಸಿಕ್ಕುಸಿಕ್ಕಾದ ಎಳೆಗಳ ಗುಂಪು. ಅವ್ವ ಕಲ್ಲಿನ ಮೇಲೆ ಗೀಚಿದ್ದು ಇದನ್ನೇ ಎಂದು ಅನ್ನಿಸಿತು. ಹಾಗೆ ಆಗಲು ಸಾಧ್ಯವಿಲ್ಲ, ತಮ್ಮ ಕಣ್ಣಿನ ನಾಳವನ್ನು ಯಾರೂ ತಾವೇ ಹಾಗೆ ನೋಡಲಾರರು, ಅವಳು ಕಂಡದ್ದು ಸೋರಿದ ರಕ್ತದ ನೆರಳು. ಇದೆಲ್ಲ ನನಗೆ ಗೊತ್ತು.

"ಇಂಜೆಕ್ಷನ್ ಕೊಟ್ಟ ಮೇಲೂ ಇಷ್ಟು ಬೆಳೆದಿದೆ. ಬೇರೆ ಏನಾದ್ರೂ ಔಷಧಿ ತಗೋತಿದೀರಾ, ಅಮ್ಮ?" ಡಾಕ್ಟರಮ್ಮ ಕೇಳಿದರು.

"ಇಲ್ಲಮ್ಮ," ಅಂದಳು ಅವ್ವ, ತಡವರಿಸದೆ.

ನಿಜ ಗೊತ್ತಾಗಿದ್ದು ಆ ಶನಿವಾರ, ಬೆಳಗಿನ ಶಾಲೆ ಮುಗಿಸಿ ಬೇಗ ಮನೆಗೆ ಬಂದಾಗ. ಒಳಗೆಲ್ಲ ಹಳೆಯ ಮಣ್ಣಿನ ವಾಸನೆ, ಮುಚ್ಚಿದ ಬಾವಿಯ ಬಾಯಿ ತೆಗೆದಂತೆ. ಅವ್ವ ಪೂರ್ವಕ್ಕೆ ಮುಖ ಮಾಡಿ, ಸೆರಗು ಹೊದ್ದು, ಲೋಟದಿಂದ ಏನೋ ಕುಡಿಯುತ್ತಿದ್ದಳು. ಕರೆದೆ. ಕುಡಿದು ಮುಗಿಯುವವರೆಗೂ ಮಾತಾಡಬೇಡವೆಂದು ಕೈಯಲ್ಲೇ ತಡೆದಳು. ಒಲೆಯ ಪಕ್ಕ ಒಂದು ಪೊಟ್ಟಣವಿತ್ತು, ಅದರ ಮೇಲೆಲ್ಲ ಚೀನೀ ಅಕ್ಷರ. ಒಳಗೆ ತೆಳ್ಳಗೆ ಸೀಳಿದ ಹಳದಿ ಬೇರು, ಅದರ ಜೊತೆ ಒಣಗಿದ ರಕ್ತದ ಬಣ್ಣದ ಇನ್ನೊಂದು ಬೇರು.

ಕೊಟ್ಟವರು ನಮ್ಮ ಬೀದಿಯ ಸಾಹೇಬರು. ಅವರ ತಾತ ಮುತ್ತಾತಂದಿರು ಇದೇ ಊರಲ್ಲಿ ಬಳೆ ಮಾರಿದವರು. ಇವರು ಮೊಬೈಲ್ ಕವರು, ಚಾರ್ಜರು ಮಾರುತ್ತಾರೆ, ಸರಕಿಗೆಂದು ಚೀನಾಕ್ಕೂ ಹೋಗಿಬರುತ್ತಾರೆ. ಕೇಳಲು ಹೋದರೆ ಪಾಪ, ಅವರೇ ಗಾಬರಿಯಾದರು. "ಬರ್ರಿ, ಕುಂತ್ಕಳ್ರಿ. ನನ್ ಕಾಲ್ ಗಾಯಕ್ಕೆ ಅಲ್ಲಿನ ಅಂಗಡಿಯವ ಕೊಟ್ಟಿದ್ದು, ಟೀಚರ್. ರಕ್ತ ಹರಿಯಾಕೆ ಹೊಸ ದಾರಿ ಮಾಡ್ತೈತೆ ಅಂದಿದ್ದ. ನಂಗೆ ವಾಸಿ ಆತು. ಡಾಕ್ಟ್ರಿಗೆ ತೋರ್ಸಿ ಕುಡೀರಿ ಅಂತ ಅಕ್ಕಂಗೆ ಸಾವಿರ ಸಲ ಹೇಳೀನಿ," ಅಂದರು.

ತೋರಿಸುತ್ತಾಳೆಯೇ ಅವ್ವ? ನಮ್ಮ ಕಡೆ ನಾಟಿ ಔಷಧಿಗೆ ಒಂದು ಕಟ್ಟು ಉಂಟು. ಕೊಟ್ಟವರು ಬೇರಿನ ಹೆಸರು ಹೇಳಬಾರದು, ಕುಡಿದವರು ಕುಡಿದೆ ಅನ್ನಬಾರದು. ಬಾಯಿಬಿಟ್ಟರೆ ಗುಣ ಹೋಯಿತು. ದುಡ್ಡು ಕೊಟ್ಟರೂ ಹೋಯಿತು. ಹಾಗಾಗಿ ಅವ್ವ ಸಾಹೇಬರಿಗೆ ಎಲೆಯಡಿಕೆ, ತೆಂಗಿನಕಾಯಿ ಇಟ್ಟು ಕೈಮುಗಿದು ಬಂದಿದ್ದಳು. ಚೀನಾದ ಯಾವುದೋ ಅಂಗಡಿಯ ಪೊಟ್ಟಣಕ್ಕೆ ನಮ್ಮೂರ ಬೆಟ್ಟದ ಬೇರಿನ ಕಟ್ಟುಪಾಡೆಲ್ಲ ಹಾಕಿ, ಉಪ್ಪು ಬಿಟ್ಟು, ಬದನೆಕಾಯಿ ಬಿಟ್ಟು ಪಥ್ಯ ಮಾಡುತ್ತಿದ್ದಳು. ನನಗೆ ನಗುವೂ ಬಂತು, ತಡೆಯಲಾರದ ಸಿಟ್ಟೂ ಬಂತು.

ಫೋನಿನಲ್ಲಿ ಹುಡುಕಿ ಓದಿದೆ. ಆ ದೇಶದ ಕೆಲವು ಬೇರುಗಳು ರಕ್ತನಾಳ ಚಿಗುರಿಸಬಹುದು, ಕೆಲವು ಚಿಗುರದಂತೆ ತಡೆಯಬಹುದು, ಮನುಷ್ಯರ ಮೈಯಲ್ಲಿ ಯಾವುದು ಎಷ್ಟು ಎಂಬುದು ಯಾರಿಗೂ ಪೂರ್ತಿ ಗೊತ್ತಿಲ್ಲ ಎಂದಿತ್ತು. ಗೊತ್ತಿಲ್ಲ ಎಂಬ ಆ ಮಾತೇ ನನ್ನನ್ನು ಹೆಚ್ಚು ಹೆದರಿಸಿತು. ಪಾದದಲ್ಲಿ ಚಿಗುರಬೇಕು, ಕಣ್ಣಿನಲ್ಲಿ ಚಿಗುರಬಾರದು. ಕುಡಿದ ಕಷಾಯಕ್ಕೆ ಯಾವುದು ಪಾದ, ಯಾವುದು ಕಣ್ಣು ಎಂದು ಹೇಗೆ ತಿಳಿಯಬೇಕು?

"ಡಾಕ್ಟರಿಗೆ ಹೇಳ್ತೀನಿ," ಅಂದೆ.

"ಹೇಳಿದ್ರೆ ನನ್ ಕಾಲು ಹೋಗ್ತೈತೆ."

"ಹೇಳದಿದ್ರೆ ಕಣ್ಣು ಹೋಗುತ್ತೆ, ಅವ್ವ."

ಅವಳು ನನ್ನತ್ತ ನೋಡಿದಳು. ನನ್ನತ್ತ ಅಲ್ಲ, ನನ್ನ ಮುಂದೆ ಇಳಿಬಿದ್ದಿದ್ದ, ಅವಳಿಗಷ್ಟೇ ಕಾಣುವ ಆ ಬೇರುಗಳತ್ತ. ಪೊಟ್ಟಣದ ಬಾಯಿ ಮಡಿಚುತ್ತ, "ಹಾಲುರಾಮೇಶ್ವರಕ್ಕೆ ಹೋಗಾಣ. ಗಂಗಮ್ಮನ್ನ ಕೇಳಾಣ. ಹೂ ಬಂದ್ರೆ ಬಾಯಿ ಬಿಡಾದು ಬ್ಯಾಡ. ಎಲೆ ಬಂದ್ರೆ ಹೇಳಿಬಿಡು," ಅಂದಳು.

ಅದು ನಮ್ಮ ತಾಲ್ಲೂಕಿನದೇ ದೇವಸ್ಥಾನ. ಅಲ್ಲಿಯ ಗಂಗಮ್ಮನ ಕೊಳದಲ್ಲಿ ಬೇಡಿಕೊಂಡು ಕೂತರೆ ನೀರಿನ ಅಡಿಯಿಂದ ಪ್ರಸಾದ ತೇಲಿ ಬರುತ್ತದೆ. ಹೂವು, ಎಲೆ, ಹಣ್ಣು, ಅವರವರ ಪಾಲಿಗೆ ಏನಿದೆಯೋ ಅದು. ಹೇಗೆ ಬರುತ್ತದೆ ಎಂದು ನನ್ನ ಕೇಳಬೇಡಿ. ನಾನು ವಿಜ್ಞಾನ ಹೇಳಿಕೊಡುವವಳು, ಅವತ್ತು ಮಾತ್ರ ಎಲೆ ಬರಲಿ ತಾಯಿ ಎಂದು ಅವ್ವನಿಗಿಂತ ಜೋರಾಗಿ ಬೇಡಿಕೊಂಡೆ.

ಅವಳ ಕಾಲಿಗೆ ಪ್ಲಾಸ್ಟಿಕ್ ಕವರು ಕಟ್ಟಿ, ಒದ್ದೆ ಮೆಟ್ಟಿಲ ಮೇಲೆ ಹಿಡಿದು ಕೂರಿಸಿದ್ದೆ. ಪೂಜೆ ಆಯಿತು. ಜನರೆಲ್ಲ ನೀರಿನ ಕಡೆ ಬಾಗಿದರು. ನೀರು ಅಲುಗಲಿಲ್ಲ. ಆಮೇಲೆ ನಮ್ಮ ಎದುರಿಗೇ ಒಂದು ಗುಳ್ಳೆ ಎದ್ದು ಒಡೆಯಿತು. ಅದರ ಹಿಂದೆಯೇ, ಯಾರೋ ಕೆಳಗಿನಿಂದ ಮೆಲ್ಲಗೆ ನೂಕಿದಂತೆ, ಏನೋ ಮೇಲೆ ಬಂತು. ಪೂಜಾರಿ ಎತ್ತಿ ಅವ್ವನ ಬೊಗಸೆಗೆ ಹಾಕಿ ಪಕ್ಕದವರ ಕಡೆ ಸರಿದರು.

ಸೇವಂತಿಗೆ. ದಾರದಲ್ಲಿ ಕಟ್ಟಿದ ಒಂದು ತುಂಡು ಹೂಮಾಲೆ, ಹಳದಿ, ನೀರು ತೊಟ್ಟಿಕ್ಕುತ್ತಿತ್ತು.

ಅವ್ವ ಅದನ್ನು ಬೆರಳುಗಳಲ್ಲಿ ತಡವಿದಳು. ಗಂಟಿನಿಂದ ಗಂಟಿಗೆ ಹೋದಳು, ಒಂದು ಎಸಳನ್ನು ಉಗುರಿನಿಂದ ಮುಟ್ಟಿದಳು. ಅವಳ ಕಣ್ಣು ನೀರಿನ ಮೇಲಿತ್ತು. ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ.

"ಎಲೆ," ಅಂದಳು ಅವ್ವ. "ಎಲೆ ಬಂತು ನೋಡು. ಹೇಳಿಬಿಡು ಡಾಕ್ಟ್ರಮ್ಮಂಗೆ."

ಹೂವನ್ನು ಸೆರಗಿಗೂ ಹಾಕಿಕೊಳ್ಳದೆ ನೀರಿಗೆ ಬಿಟ್ಟಳು. ಅದು ತೇಲಬೇಕಾಗಿತ್ತು. ನಾನು ನೋಡುತ್ತಿದ್ದಂತೆಯೇ ಸೀದಾ ಮುಳುಗಿತು.

ಡಾಕ್ಟರಮ್ಮ ಬೈಯಲಿಲ್ಲ. ಪೊಟ್ಟಣ ತಿರುಗಿಸಿ ನೋಡಿ, "ಇದರಿಂದಲೇ ಆಯ್ತು ಅಂತ ನಾನು ಹೇಳೋಕಾಗಲ್ಲ. ಬರೀ ಸಕ್ಕರೆಯಿಂದಲೂ ಹೀಗಾಗುತ್ತೆ. ಆದ್ರೆ ನಿಲ್ಲಿಸಿ," ಅಂದರು. ನಿಲ್ಲಿಸಿದೆವು. ಇಂಜೆಕ್ಷನ್ ಮುಂದುವರಿಯಿತು, ಅವ್ವನ ಕಣ್ಣಿಗೆ ಕಾಣುತ್ತಿದ್ದ ಬೇರುಗಳು ಒಂದೊಂದಾಗಿ ಕರಗಿದವು. ಅತ್ತ ಹೆಬ್ಬೆರಳಿನ ಎಳೆಗೆಂಪು ಬಾಡಿತು. ಅದು ಕಷಾಯ ನಿಂತದ್ದಕ್ಕೋ, ಮೊದಲೇ ಹಾಗಾಗುವುದಿತ್ತೋ ಎಂದು ಕಾಲಿನ ಡಾಕ್ಟರಿಗೂ ಹೇಳಲಾಗಲಿಲ್ಲ. ಬೆರಳು ಕಪ್ಪಾಯಿತು, ಕಪ್ಪು ಮೇಲಕ್ಕೇರಿತು, ಕೊನೆಗೆ ಪಾದ ತೆಗೆದರು.

ಮನೆಗೆ ಕರೆತಂದ ಮೇಲೆ ಎಷ್ಟೋ ದಿನ ನಾಲಿಗೆ ಬಿಗಿಹಿಡಿದಿದ್ದೆ. ನನ್ನದು ಸುಮ್ಮನಿರುವ ಬಾಯಲ್ಲ. ಒಂದು ಬೆಳಿಗ್ಗೆ ಅವಳನ್ನು ಎತ್ತಿ ಜಗಲಿಯ ಮೇಲೆ ಕೂರಿಸುತ್ತಿದ್ದಾಗ ಕೇಳಿಯೇಬಿಟ್ಟೆ. "ಅವತ್ತು ಬಂದಿದ್ದು ಹೂವು. ನಿನಗೆ ಗೊತ್ತಿತ್ತು ಅಲ್ವಾ?"

"ನಾನ್ ಹೂ ಕಟ್ಟಾಕಿ ಕಣೇ," ಅಂದಳು. "ಗಂಗಮ್ಮ ಕಾಲು ಉಳಿಸ್ತೀನಿ ಅಂದ್ಳು. ನಾನು ಸುಳ್ಳು ಹೇಳ್ದೆ. ಅದ್ಕೇ ಕಾಲು ಇಸ್ಕಂಡ್ಳು. ಇಸ್ಕಳ್ಳಿ ಬಿಡು."

"ಯಾಕವ್ವ?"

"ಕಾಲು ಹೋದ್ರೆ ಎತ್ಕಂಡು ಹೋಗಾಕೆ ನೀನಿದ್ದಿ. ಕಣ್ಣು ಹೋದ್ರೆ, ಎತ್ಕಂಡೋಳು ನೀನೇ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ನನಗೆ ಅಳು ತಡೆಯಲಾಗಲಿಲ್ಲ. ಅವಳು ನೋಡುತ್ತಿದ್ದಳು. ನಾನು ಸ್ವಲ್ಪ ಸರಿದು, ಮುಖಕ್ಕೆ ಬೆಳಕು ಬೀಳುವ ಹಾಗೆ ಅವಳ ಎದುರಿಗೆ ಕುಳಿತೆ.