ಸುವಾರ್ತವ್ವನ ಮಂಗಳವಾರದ ಕೂಟ

ಸುವಾರ್ತವ್ವನ ಬಾಯಿಗೆ ಬೀಗವಿಲ್ಲವೆಂಬುದು ಪೀಣ್ಯದ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಬೆಳಿಗ್ಗೆ ಎಂಟೂವರೆಗೆ ಚೆಕಿಂಗ್ ಟೇಬಲ್ ಮುಂದೆ ನಿಂತಳೆಂದರೆ ಮುಗಿಯಿತು, ಸಂಜೆಯವರೆಗೆ ಅಂಗಿಗಳ ದಾರ ಕತ್ತರಿಸುವ ಕೈಯೂ ನಿಲ್ಲದು, ಬಾಯಿಯೂ ನಿಲ್ಲದು. ಗದಗಿನ ಪಕ್ಕದ ಬೆಟಗೇರಿಯವಳು. ಅಜ್ಜನ ಕಾಲದಿಂದಲೂ ಕ್ರೈಸ್ತರ ಮನೆ. ಗಂಡ ತೀರಿಕೊಂಡ ಮೇಲೆ, ೧೯೯೩ರಲ್ಲಿ, ಒಂದು ಟ್ರಂಕು, ಒಂದು ಸತ್ಯವೇದ ಹಿಡಿದುಕೊಂಡು ಬಂದು ರಾಜಗೋಪಾಲನಗರದ ವಠಾರವೊಂದರಲ್ಲಿ ಕೋಣೆ ಹಿಡಿದಳು. ಅತ್ತಳೇ ಎಂದರೆ ಅತ್ತಳು, ಎರಡು ದಿನ. ಮೂರನೆಯ ದಿನ ಅಕ್ಕಪಕ್ಕದವರ ಹೆಸರು, ಊರು, ಅವರ ಬೀಗರ ಊರು ಎಲ್ಲ ವಿಚಾರಿಸಿಕೊಂಡು ಬಂದು ಅನ್ನಕ್ಕಿಟ್ಟಳು.

ಒಂದು ಕೊರತೆ ಮಾತ್ರ ಮಾತಿನಿಂದ ತುಂಬಲಿಲ್ಲ. ಅದು ಕರೆಂಟು ಸಾಕಾಗದ ಕಾಲ, ಅದಕ್ಕೇ ಒಂದೊಂದು ಫ್ಯಾಕ್ಟರಿಗೆ ಒಂದೊಂದು ದಿನ ವಾರದ ರಜೆ. ಇವಳ ಫ್ಯಾಕ್ಟರಿಗೆ ಬಂದದ್ದು ಮಂಗಳವಾರ. ಊರಿನ ಕ್ರೈಸ್ತರೆಲ್ಲ ಭಾನುವಾರ ಚರ್ಚಿಗೆ ಹೊರಡುವಾಗ ಇವಳು ಅಂಗಿಯ ಕಾಲರು ನೋಡುತ್ತಾ ನಿಂತಿರಬೇಕು. ಯೇಸುವಿನ ನೆನಪಿಗೆ ಚರ್ಚಿನಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿ ಅವಳ ಬಾಯಿಗೆ ಬಿದ್ದು ಮೂರು ವರ್ಷವಾಗಿತ್ತು. ಅದೊಂದು ನೆನಪಾದರೆ ಅಷ್ಟು ಮಾತಿನ ಹೆಂಗಸೂ ಮಾತು ಬಿಟ್ಟು ಸತ್ಯವೇದ ತೆರೆದು ಕೂರುವಳು.

"ನಾವು ಸಭಿಗೆ ಹೋಗಾಕ ಆಗಂಗಿಲ್ಲ ಅಂದ್ರ, ಸಭಿನ ನಮ್ಮನಿಗೆ ಬರ್ಲಿ ತಗೋ" ಎಂದು ಒಂದು ದಿನ ತನಗೆ ತಾನೇ ಹೇಳಿಕೊಂಡಳು. ಆದರೆ ನೂರೈವತ್ತು ಮಿಷಿನ್ನಿನ ಸದ್ದಿನಲ್ಲಿ ತನ್ನವರನ್ನು ಹುಡುಕುವುದು ಹೇಗೆ? ಅದಕ್ಕೊಂದು ಉಪಾಯ ಮಾಡಿದಳು ನೋಡಿ. ಬಟ್ಟೆಯ ಕಟ್ಟು ತರುವ ನೆಪದಲ್ಲಿ ಮಿಷಿನ್ ಸಾಲುಗಳ ನಡುವೆ ಚರ್ಚಿನ ಒಂದು ಕೀರ್ತನೆ ಗುನುಗುತ್ತಾ ನಡೆಯುವಳು. ಯಾರ ತುಟಿ ಅಲುಗಿತೋ ಅವರು ಊಟದ ಹೊತ್ತಿಗೆ ಸಿಕ್ಕಿಬಿದ್ದಂತೆಯೇ. ಮೊದಲು ಸಿಕ್ಕವಳು ಗುಂಡಿಗೆ ಕಾಜಾ ಹೊಲಿಯುವ ಮಲಕವ್ವ. ಎರಡನೆಯವನು ಇಸ್ತ್ರಿಗೆ ಹಬೆ ಕೊಡುವ ಬಾಯ್ಲರ್ ನೋಡಿಕೊಳ್ಳುವ ಬಸಲಿಂಗ. ಬೀದರ್ ಕಡೆಯ ಮೆಥಡಿಸ್ಟ್ ಸಭೆಯವನು. ತುಟಿ ಅಲುಗಿಸುವುದೇನು, ಎರಡನೆಯ ಚರಣವನ್ನು ಗಂಟಲು ಬಿಟ್ಟು ಹಾಡಿ ಸೂಪರ್‌ವೈಸರ್ ಕೈಲಿ ಬೈಸಿಕೊಂಡ. ಒಮ್ಮೆ ಮಾತ್ರ ಎಡವಟ್ಟಾಯಿತು. ತುಟಿ ಆಡಿಸುತ್ತಿದ್ದ ಹುಡುಗಿಯೊಬ್ಬಳನ್ನು ಹಿಡಿದು "ಯಾವ ಸಭಿಯಾಕಿ ನೀ?" ಎಂದರೆ, ಪಾಪ, ಅದು ಅಡಿಕೆ ಅಗಿಯುತ್ತಿತ್ತು. "ಇರ್ಲಿ, ನೀನೂ ಬಾ, ಉಪ್ಪಿಟ್ಟು ಇರತೈತಿ" ಎಂದು ಅವಳನ್ನೂ ಕರೆದಳು.

ಹೀಗೆ ಮಂಗಳವಾರದ ಕೂಟ ಹುಟ್ಟಿತು. ಆ ಗೂಡಿನಂಥ ಕೋಣೆಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತು ಹಾಡುವರು, ಓದುವರು, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಪ್ರಾರ್ಥಿಸುವರು. ಯಾರಿಗೆ ಜ್ವರ, ಯಾರ ತಂಗಿಗೆ ಗಂಡು ಬಂತು, ಎಲ್ಲ ಅಲ್ಲೇ. ಮನೆಯ ಒಡತಿ ಗೌರಮ್ಮ ಮೊದಲ ವಾರ "ಏನಮ್ಮಾ ನಿಮ್ದು ಗಲಾಟೆ!" ಎಂದು ಬಂದವಳು, ನಾಲ್ಕನೆಯ ವಾರ ಬಾಗಿಲಲ್ಲೇ ಕುಕ್ಕರಿಸಿ, "ಆ ಕೊನೇ ಹಾಡು ಇನ್ನೊಂದ್ಸಲ ಹೇಳ್ರಮ್ಮಾ" ಎನ್ನತೊಡಗಿದಳು.

ಕೂಟವೇನೋ ಇತ್ತು, ಆದರೆ ಕರ್ತನ ಭೋಜನ ಕೊಡಬೇಕಾದವರು ಸಭಾಪಾಲಕರೇ. ೧೯೯೬ರ ಜೂನಿನಲ್ಲಿ ಸುವಾರ್ತವ್ವ ಅರ್ಧ ದಿನ ರಜೆ ಹಾಕಿ ಚರ್ಚಿಗೆ ಹೋಗಿ ಅವರನ್ನು ಹಿಡಿದು, ಕೂಟಕ್ಕೆ ಬರಬೇಕೆಂದು ಕೇಳಿದಳು. ಎಲ್ಲರೂ ಅವರನ್ನು ಅಯ್ಯನವರೆಂದೇ ಕರೆಯುವುದು. ಸಣಕಲು ಮನುಷ್ಯ, ನಗುವುದು ಅಪರೂಪ.

"ಬೇರೆ ಬಡಾವಣೇಲಿ ಹೀಗೇ ಕರೆದ್ರು ಅಂತ ಹೋದೆ. ಇಬ್ಬರು ಕೂತಿದ್ರು" ಎಂದರು. "ಅದಕ್ಕೇ ಚರ್ಚಿನ ಸಮಿತಿಯವರು ತೀರ್ಮಾನ ಮಾಡಿದ್ದಾರೆ. ಸಭೆಗೆ ಸೇರಿದ ಹತ್ತು ಮಂದಿ ಒಟ್ಟಿಗೆ ಕೂತಿದ್ರೆ ತಿಂಗಳಿಗೊಮ್ಮೆ ನಾನೇ ಬಂದು ಕರ್ತನ ಭೋಜನ ಕೊಡ್ತೀನಿ. ಒಬ್ಬರು ಕಮ್ಮಿ ಆದ್ರೂ ಇಲ್ಲ. ನನಗೆ ಬಿಡುವಿರೋದು ಮಂಗಳವಾರ ಮಾತ್ರ."

"ಹತ್ತ ಮಂದಿ ಅದೀವ್ರಿ!" ಎಂದಳು ಸುವಾರ್ತವ್ವ. ಅಂದು ಇದ್ದದ್ದು ಒಂಬತ್ತು. ಹತ್ತನೆಯವಳು ಮರುವಾರ ಇಸ್ತ್ರಿ ವಿಭಾಗದಲ್ಲಿ ಸಿಕ್ಕಳು. ಅಲ್ಲಿಯವರೆಗೆ ಸುವಾರ್ತವ್ವ ಗುನುಗಿ ಗುನುಗಿ ಗಂಟಲು ಕೆಡಿಸಿಕೊಂಡಿದ್ದಳು.

ಜುಲೈ ಮೊದಲ ಮಂಗಳವಾರ ಎಂದು ನಿಗದಿಯಾಯಿತು. ಅಯ್ಯೋ ಆ ವಾರದ ಸಂಭ್ರಮವೇ! ನಡೆದರೆ ನೆಲ ಸಿಗದು, ಮಲಗಿದರೆ ನಿದ್ದೆ ಬಾರದು. ಗೋಡೆಗೆ ಸುಣ್ಣ ಬಳಿದಳು, ಬಳಿದ ಸುಣ್ಣವನ್ನು ಸೀರೆಗೆ ಮೆತ್ತಿಕೊಂಡಳು. ಆ ದಿನ ಬೆಳಿಗ್ಗೆ ಎದ್ದು ತಪ್ಪಲೆ ತುಂಬ ಉಪ್ಪಿಟ್ಟು ಕೆದಕಿ ಮುಚ್ಚಿಡುತ್ತಿದ್ದಾಗ ಮಲಕವ್ವ ಏದುಸಿರು ಬಿಡುತ್ತಾ ಓಡಿ ಬಂದಳು.

"ಅಕ್ಕಾ, ಇವತ್ತ ಡ್ಯೂಟಿ ಐತಂತ! ಈ ತಿಂಗಳಿಂದ ರಜಾ ಬುಧವಾರಕ್ಕ ಹಾಕ್ಯಾರ. ಗೇಟಿಗೆ ಬೋರ್ಡ್ ಹಚ್ಚಿ ನಾಕ ದಿನ ಆತಂತ!"

ಸುವಾರ್ತವ್ವನ ಕೈಯ ಸೌಟು ಹಾಗೇ ನಿಂತಿತು. ನಾಲ್ಕು ದಿನವೂ ಆ ಬೋರ್ಡಿನ ಕೆಳಗೇ ಹಾದು ಹೋಗಿದ್ದಳು, ಮಂಗಳವಾರದ ಮಾತನ್ನೇ ಆಡುತ್ತಾ. ಉಳಿದ ಒಂಬತ್ತು ಮಂದಿಯೂ ಅವಳ ಮಾತು ಕೇಳುತ್ತಾ ನಡೆದಿದ್ದರು; ಏನಿದ್ದರೂ ಸುವಾರ್ತವ್ವ ಹೇಳುತ್ತಾಳೆ ಎಂದು ಯಾರೂ ತಲೆಯೆತ್ತಿ ನೋಡಿರಲಿಲ್ಲ. ಅಯ್ಯನವರಿಗೆ ತಿಳಿಸೋಣವೆಂದರೆ ಅವರು ಬೆಳಿಗ್ಗೆಯೇ ಯಾವುದೋ ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೊರಟಾಗಿತ್ತು. ಅಲ್ಲಿಂದ ನೇರ ಇಲ್ಲಿಗೇ ಬರುವವರು. ಇವತ್ತು ತಪ್ಪಿದರೆ ಮತ್ತೆ ಕರೆಯಲು ಯಾವ ಮುಖವಿತ್ತು? ಒಂದು ಗಳಿಗೆ ಅಲ್ಲೇ ಕೂತು ಗೊಳೋ ಎಂದು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗೌರಮ್ಮನ ಬಾಗಿಲಿಗೆ ಓಡಿದಳು.

"ಗೌರಮ್ಮಾರ, ನಮ್ಮ ಅಯ್ಯನವರು ಬಂದ್ರ ಹನ್ನೆರಡೂವರಿಗೆ ಫ್ಯಾಕ್ಟರಿ ಗೇಟಿಗೆ ಕಳಸ್ರಿ. ಊಟಕ್ಕ ಅರ್ಧ ತಾಸು ಬಿಡ್ತಾರ. ನಿಮ್ಮ ಕಾಲಿಗೆ ಬೀಳ್ತೀನ್ರಿ."

"ಹೋಗಮ್ಮಾ ನೀನು, ನಾನಿದೀನಿ" ಎಂದಳು ಗೌರಮ್ಮ.

ಹನ್ನೆರಡೂವರೆಯ ಗಂಟೆ ಹೊಡೆಯಿತು. ಗೇಟಿನಾಚೆ ಹೊಂಗೆಮರದ ಕೆಳಗೆ ಸುವಾರ್ತವ್ವ ಮತ್ತು ಎಂಟು ಮಂದಿ ಕತ್ತು ಉದ್ದ ಮಾಡಿ ನಿಂತರು. ದೂಳೆಬ್ಬಿಸುತ್ತಾ ಸ್ಕೂಟರ್ ಬಂತು. ಅಯ್ಯನವರ ಹಿಂದೆ ಕಾಸಗಲ ಕುಂಕುಮದ ಗೌರಮ್ಮ ಕೂತಿದ್ದಳು. ಮಡಿಲಲ್ಲಿ ಉಪ್ಪಿಟ್ಟಿನ ತಪ್ಪಲೆ. ಅಯ್ಯನವರ ಕಾಲ ಬಳಿ ಅವಳದೇ ಮನೆಯ ಉದ್ದನೆಯ ಜಮಖಾನದ ಸುರುಳಿ.

"ದಾರಿ ಹೇಳಿದ್ರೆ ಇವ್ರಿಗೆ ಗೊತ್ತಾಗತ್ತಾ? ಅದಕ್ಕೇ ಹತ್ಕೊಂಬಿಟ್ಟೆ. ಮಣ್ಣಲ್ಲಿ ಕೂರ್ಬೇಡಿ, ಹಾಸ್ಕೊಳ್ಳಿ" ಎಂದು ಇಳಿದಳು ಗೌರಮ್ಮ. ಕೂಟದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಯ್ಯನವರು ಎಣಿಸಿದರು. "ಒಂಬತ್ತು."

ಹತ್ತನೆಯವನು ಬಸಲಿಂಗ. ಮುಚ್ಚಿದ ಗೇಟಿನೊಳಗೆ ಸರಳು ಹಿಡಿದು ನಿಂತಿದ್ದ. ವಾಚ್‌ಮನ್ ಕಾಡಪ್ಪ ತಲೆಯಾಡಿಸಿದ: "ಬಾಯ್ಲರ್ ಉರೀತಾ ಐತೆ ಕಣಮ್ಮ. ಈವಯ್ಯ ಆಚೆಗ್ ಕಾಲಿಟ್ರೆ ನನ್ ಕೆಲ್ಸ ಓಯ್ತದೆ."

"ನಾನು ಏನ್ ಮಾಡ್ಲಮ್ಮಾ" ಎಂದರು ಅಯ್ಯನವರು. ಅವರಿಗೂ ಬೇಜಾರಾಗಿತ್ತು. "ಹತ್ತು ಮಂದಿ ಒಟ್ಟಿಗೆ ಕೂತಿರಬೇಕು. ಒಬ್ಬರು ಒಳಗೆ, ಒಂಬತ್ತು ಜನ ಹೊರಗೆ ಅಂದ್ರೆ ಸಮಿತಿಗೆ ಏನಂತ ಹೇಳಲಿ?"

ಊಟದ ಹೊತ್ತಿನಲ್ಲಿ ಹತ್ತು ನಿಮಿಷ ಕಳೆದಿತ್ತು. ಸುವಾರ್ತವ್ವ ಗೇಟು ನೋಡಿದಳು, ಬಸಲಿಂಗನನ್ನು ನೋಡಿದಳು, ಗೇಟಿಗೂ ನೆಲಕ್ಕೂ ನಡುವೆ ಇದ್ದ ಗೇಣು ಸಂದು ನೋಡಿದಳು. ಜಮಖಾನದ ತುದಿ ಹಿಡಿದು ದರದರ ಎಳೆದು ತಂದು ಆ ಸಂದಿನಲ್ಲಿ ತೂರಿಸಿದಳು.

"ಬಸಲಿಂಗಾ, ಒಳಗಿಂದ ಜಗ್ಗೋ! ಜಗ್ಗಿ ಅದರ ಮ್ಯಾಲ ಕುಂಡ್ರು!"

ಬಸಲಿಂಗ ಜಗ್ಗಿದ, ಜಗ್ಗಿ ಚಕ್ಕಂಬಕ್ಕಳ ಹಾಕಿ ಕೂತ. ಹೊರಗಿನ ಒಂಬತ್ತು ಮಂದಿಯೂ ದುಡುದುಡು ಬಂದು ಕೂತರು. "ಒಂದ ಜಮಖಾನ, ಒಂದ ಸಭಿ. ಈಗ ಎಣಸ್ರಿ!" ಎಂದಳು ಸುವಾರ್ತವ್ವ.

ಕಾಡಪ್ಪ ಗೇಟಿನ ಚಿಲಕ ಮುಟ್ಟಿ ನೋಡಿದ. "ಗೇಟ್ ತೆಗ್ದಿಲ್ಲ, ಈವಯ್ಯ ಕಾಲೂ ಆಚೆಗಿಟ್ಟಿಲ್ಲ. ನಂದೇನೂ ತಕರಾರಿಲ್ಲಪ್ಪ" ಎಂದು ತಾನೂ ಟೋಪಿ ತೆಗೆದು ಬದಿಗೆ ನಿಂತ.

ಸುಲಭಕ್ಕೆ ನಗದ ಅಯ್ಯನವರು ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, ಬೆರಳು ಮಾಡಿ ಮತ್ತೆ ಎಣಿಸಿ, "ಹತ್ತು" ಎಂದರು.

ಪ್ರಾರ್ಥನೆಯಾಯಿತು. ಅಯ್ಯನವರು ಮಂಡಿಯೂರಿ ಮೊದಲ ರೊಟ್ಟಿಯ ತುಂಡನ್ನು ಸರಳುಗಳ ನಡುವೆ ಬಸಲಿಂಗನ ಅಂಗೈಗೆ ಇಟ್ಟರು. ಸುವಾರ್ತವ್ವನ ಸರದಿ ಬಂದಾಗ ಅವಳು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದಳು. ಮೂರು ವರ್ಷದ ಮೇಲೆ ಬಾಯಿಗೆ ಬಿದ್ದ ಆ ತುಣುಕನ್ನು ಕಣ್ಣು ಮುಚ್ಚಿ ನುಂಗಿದಳು. ಸಂತೋಷ ತಡೆಯಲಾರದೆ ಪಕ್ಕದ ಮಲಕವ್ವನ ತೊಡೆಯನ್ನು ಎಷ್ಟು ಜೋರಾಗಿ ಹಿಂಡಿದಳೆಂದರೆ ಆಕೆ ಆಮೆನ್ ಎನ್ನುವ ಬದಲು ಅಯ್ಯಯ್ಯೋ ಎಂದಳು.

ಐದು ನಿಮಿಷದಲ್ಲಿ ತಪ್ಪಲೆ ಖಾಲಿ. ಕಾಡಪ್ಪ ಎರಡು ಸಲ ಹಾಕಿಸಿಕೊಂಡ. ಗಂಟೆ ಹೊಡೆಯಿತು, ಕಾಡಪ್ಪ ಗೇಟು ತೆರೆದ, ಎಲ್ಲರೂ ಎದ್ದುಬಿದ್ದು ಒಳಗೆ ಓಡಿದರು. ಅಯ್ಯನವರು ಹಿಂದಿನಿಂದ ಕೂಗಿದರು:

"ಸುವಾರ್ತಮ್ಮಾ, ಮುಂದಿನ ತಿಂಗಳೂ ಮಂಗಳವಾರ, ಇಲ್ಲೇ! ಆದ್ರೆ ಮಳೆಗಾಲ ಅಲ್ವಾ, ಮಳೆ ಬಂದ್ರೆ ಏನ್ ಮಾಡ್ತೀರಾ?"

ಒಳಗೆ ಕಾಲಿಟ್ಟಿದ್ದ ಸುವಾರ್ತವ್ವ ತಿರುಗಿ, ಇಡೀ ರಸ್ತೆಗೆ ಕೇಳುವಂತೆ ಕೂಗಿ ಹೇಳಿದಳು: "ನೆನದ್ರ ಒಣಗತೀವ್ರಿ! ನೀವು ಮಾತ್ರ ಬರೂದು ತಪ್ಪಸಬ್ಯಾಡ್ರಿ!"