ಗಂಜಿ ಹಾಕಿದ ಬಿಳಿ ಸೀರೆ

ಗಂಜಿ ಹಾಕಿದ ಹತ್ತಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಆಡುವಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಅನ್ನ ತಳ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬರುವಂಥ ವಾಸನೆ. ಈಗಲೂ ಓಣಿಯ ಇಸ್ತ್ರಿ ಗಾಡಿ ದಾಟುವಾಗ ಅದು ಮೂಗಿಗೆ ಬಡಿದರೆ ಕಾಲು ತಾನಾಗಿ ನಿಂತುಬಿಡುತ್ತದೆ. ದಾಂಡೇಲಿಯ ನಮ್ಮ ಎರಡು ಖೋಲಿಯ ಮನೆ ಕಣ್ಣೆದುರು ಬರುತ್ತದೆ: ಬೇಯಿಸಿದ ಬಿದಿರಿನ ವಾಸನೆಯನ್ನು ಅಂಗಿಯಲ್ಲೇ ಹೊತ್ತು ಕಾಗದದ ಗಿರಣಿಯಿಂದ ಬರುವ ಅಪ್ಪ, ಅಂಗೈಯ ಲಿಂಗಕ್ಕೆ ನೀರೆರೆಯುತ್ತ ಕೂತ ಅಜ್ಜಿ, ಅವರಿಬ್ಬರ ನಡುವೆ ನಗುತ್ತ ಓಡಾಡುವ ನೀಲತ್ತಿ. ನೀಲತ್ತಿ ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳಕೊಂಡು ಹಳಿಯಾಳದಿಂದ ನಮ್ಮಲ್ಲಿಗೆ ಬಂದವಳು. ಅವ್ವ ತೀರಿಕೊಂಡಮೇಲೆ ನನ್ನ ಜಡೆ ಹೆಣೆದದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು ಅವಳೇ.

ಅವ್ವ ಹೋದ ವರ್ಷವೇ ಅಪ್ಪ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿ, ಅಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಗಡ ಸೇರಿ ಬಂದಿದ್ದ. ಮನೆಯವರು ಸತ್ತಮೇಲೂ ಮನೆಯವರಾಗಿಯೇ ಇರುತ್ತಾರೆ, ಬದುಕಿದ್ದಾಗ ದೀಕ್ಷಾಸ್ನಾನ ಆಗದವರ ಪರವಾಗಿ ಬದುಕಿರುವವರು ನೀರಿಗಿಳಿಯಬಹುದು ಎಂದು ಅಲ್ಲಿ ಯಾರೋ ಹೇಳಿದ ಮಾತು ಅವನನ್ನು ಹಿಡಿದಿತ್ತು. ಮುಂದೆ ಹಿರಿಯರು ಅವನ ತಲೆಯ ಮೇಲೆ ಕೈಯಿಟ್ಟು ಯಾಜಕತ್ವ ಕೊಟ್ಟರು. ಯಾರ ಕೈ ಯಾರ ತಲೆಯ ಮೇಲಿತ್ತು ಎಂಬ ಹೆಸರುಗಳ ಸಾಲು ಒಂದು ಹಾಳೆಯಲ್ಲಿತ್ತು. ಏಸುವಿನಿಂದ ಹೊರಟ ಆ ಸಾಲಿನ ಕೊನೆಗೆ ಗಿರಣಿ ಕೆಲಸದ ನಮ್ಮಪ್ಪನ ಹೆಸರು. ಅಜ್ಜಿ ಅದನ್ನು ಓದಿಸಿ ಕೇಳಿ, "ಇಷ್ಟು ಕೈ ದಾಟಿ ಬಂದದ್ದು, ನಿನ್ನ ತನಕ ಬರೂದ್ರಾಗ ಏನರ ಉಳದೈತೇನೋ?" ಅಂದಿದ್ದಳು. ಅಪ್ಪ ಹಾಳೆ ಮಡಚಿ ಟ್ರಂಕಿನಲ್ಲಿಟ್ಟ. ಭಾನುವಾರ ಮುಂದಿನ ಖೋಲಿಯಲ್ಲಿ ಚಾಪೆ ಹಾಸಿ, ಬ್ರೆಡ್ಡು ಮುರಿದು, ಸಣ್ಣ ಸ್ಟೀಲ್ ಲೋಟದಲ್ಲಿ ನೀರಿಟ್ಟು ಪ್ರಾರ್ಥಿಸುತ್ತಿದ್ದ. ನಾವು ಹುಟ್ಟುವ ಮೊದಲು ದೇವರ ಬಳಿ ಇದ್ದೆವು, ಪರೀಕ್ಷೆಗೆಂದೇ ಇಲ್ಲಿಗೆ ಬಂದಿದ್ದೇವೆ ಎಂದು ಹೇಳುತ್ತಿದ್ದ. "ಹಂಗಾರ ನನ್ನ ಪೇಪರು ಭಾಳ ಉದ್ದ ಕೊಟ್ಟಾರ ನೋಡಣ್ಣಾ," ಎಂದು ನೀಲತ್ತಿ ನಗುತ್ತಿದ್ದಳು. ಆದರೂ ಒಂದು ಭಾನುವಾರ ತಾನೂ ದೀಕ್ಷಾಸ್ನಾನ ತಗೋತೇನಿ ಅಂದಳು.

ಆಗ ನನಗೆ ಹತ್ತು ವರ್ಷ. ಬೆಂಗಳೂರಿನಿಂದ ಸ್ಯಾಮುವೆಲಣ್ಣ ಎಂಬ ಹಿರಿಯರೂ ಅವರ ಜೊತೆ ಇನ್ನೊಬ್ಬರೂ ಬೆಳಗಿನ ಬಸ್ಸಿಗೆ ಬಂದರು. ಇಬ್ಬರೂ ಸಾಕ್ಷಿಗಳು. ಮಧ್ಯಾಹ್ನದ ಬಸ್ಸಿಗೆ ಅವರು ಮರಳಬೇಕಿತ್ತು. ಈ ದೀಕ್ಷೆಯಲ್ಲಿ ಪ್ರಾರ್ಥನೆಯ ಒಂದು ಶಬ್ದವೂ ತಪ್ಪುವಂತಿಲ್ಲ. ಮೈಯೆಲ್ಲ ನೀರಿನೊಳಗೆ ಹೋಗಬೇಕು, ಬಟ್ಟೆಯ ತುದಿ ಮೇಲೆ ಉಳಿದರೂ ಮತ್ತೆ ಮುಳುಗಿಸಬೇಕು. ಅಜ್ಜಿಗೆ ಇದು ಬೇಕಿರಲಿಲ್ಲ. ಆದರೂ ಹಿಂದಿನ ದಿನ ತಾನೇ ನೀಲತ್ತಿಯ ಬಿಳಿ ಸೀರೆಗೆ ಗಟ್ಟಿ ಗಂಜಿ ಹಾಕಿ, ಇಸ್ತ್ರಿ ಮಾಡಿದ್ದಳು. "ನಾಲ್ಕು ಮಂದಿ ಮುಂದ ನನ್ನ ಮಗಳು ಮುದ್ದಿ ಆದ ಸೀರಿ ಉಟಗೊಂಡು ನಿಂದರಬಾರದು," ಅಂದಳು. ಗಂಜಿ ಸೀರೆ ನೀರಲ್ಲಿ ಗಾಳಿ ಹಿಡಿಯುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಕಾಳಿ ನದಿ ನಮ್ಮಲ್ಲಿ ಮಳೆಯಿಲ್ಲದೆಯೂ ಏರುತ್ತದೆ. ಮೇಲೆ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ನೋಡನೋಡುತ್ತ ಮೊಣಕಾಲಿನದು ಎದೆಗೆ ಬರುತ್ತದೆ. ಅಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಒಂದು ಗುರುತಿತ್ತು. ನದಿ ನಡುವೆ ಎಮ್ಮೆಯ ಬೆನ್ನಿನಂಥ ಕರಿಬಂಡೆ, ಅದರ ಬೆನ್ನು ತೊಯ್ದರೆ ಎಲ್ಲ ಬಿಟ್ಟು ದಂಡೆ ಹತ್ತಬೇಕು. ಅದು ನಮ್ಮಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೀರು ಬರುವ ಹೊತ್ತಿಗಿಂತ ಮೊದಲೇ ಮುಗಿಸುವುದೆಂದು ಅಪ್ಪ ಬೇಗ ಇಳಿದ. ಎಡಗೈಯಲ್ಲಿ ನೀಲತ್ತಿಯ ಮುಂಗೈ ಹಿಡಿದು, ಬಲಗೈ ಮೇಲೆತ್ತಿ, ಪ್ರಾರ್ಥನೆ ಹೇಳಿ, ಅವಳನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದ. ಅವಳು ಎದ್ದು ಕಣ್ಣೊರೆಸಿಕೊಂಡಳು. ದಂಡೆಯ ಮೇಲಿದ್ದ ಸಾಕ್ಷಿಗಳಿಬ್ಬರೂ ತಲೆಯಾಡಿಸಿದರು. ಅವರ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ನಾನು ದಂಡೆಯ ಒಂದು ಬಂಡೆಯ ನೆರಳಲ್ಲಿ ನಿಂತಿದ್ದೆ. ನೀರಿನ ಮೇಲೆ ಸೆರಗು ಉಬ್ಬಿ, ಗುಳ್ಳೆಯ ಹಾಗೆ ತೇಲಿದ್ದನ್ನು ನೋಡಿದ್ದೆ.

"ಅಪ್ಪಾ, ಸೆರಗು ಮುಳುಗಲಿಲ್ಲ."

ಹುಡುಗಿಯ ಮಾತು ಸಾಕ್ಷಿಯಲ್ಲ. ಆದರೆ ಅಪ್ಪ ಆ ಇಬ್ಬರ ಮುಖ ನೋಡಿದ. ಅವರಲ್ಲಿ ವಯಸ್ಸಿಗೆ ಚಿಕ್ಕವರು ತಮಗೆ ಸರಿಯಾಗಿ ಕಾಣಲಿಲ್ಲ ಎಂದು ಒಪ್ಪಿಕೊಂಡರು. "ಹಂಗಾರ ಇನ್ನೊಮ್ಮೆ," ಅಂದ ಅಪ್ಪ. "ನನ್ನ ಮುಳುಗಸ್ತೀಯೋ, ಒಗದು ಹಿಂಡತೀಯೋ?" ಅಂದಳು ನೀಲತ್ತಿ. ಸೆರಗು ಮತ್ತೆ ತೇಲದಿರಲೆಂದು ಅಪ್ಪ ಅದರ ತುದಿಯಲ್ಲಿ ಎರಡು ಕಲ್ಲಿಟ್ಟು ಬಿಗಿಯಾಗಿ ಗಂಟು ಹಾಕಿದ. ಒದ್ದೆ ಬಟ್ಟೆ ಬೇಗ ಗಂಟಿಗೆ ಬರಲಿಲ್ಲ. ಅದರಲ್ಲೇ ಹೊತ್ತು ಹೋಯಿತು.

ಎರಡನೇ ಸಲ ಅವನ ಬಲಗೈ ಮೇಲೆದ್ದಾಗ ನಾನು ಎಮ್ಮೆಕಲ್ಲನ್ನು ನೋಡಿದೆ. ಬೆನ್ನು ತೊಯ್ದಿತ್ತು. ಮೇಲಿನ ತಿರುವಿನಿಂದ ಒಣಗಿದ ಎಲೆ, ಕಡ್ಡಿ, ನೊರೆ ಒಟ್ಟಾಗಿ ಬರುತ್ತಿದ್ದವು. ಕೂಗಬೇಕಿತ್ತು. ಕೂಗಿದರೆ ಪ್ರಾರ್ಥನೆ ಮುರಿಯುತ್ತದೆ, ಮತ್ತೆ ಕೆಡಿಸಿದವಳು ನಾನೇ ಆಗುತ್ತೇನೆ ಎನಿಸಿತು. ಬಾಯಿ ಮುಚ್ಚಿಕೊಂಡೆ. ಆ ನಾಲ್ಕೈದು ಉಸಿರಿನಷ್ಟು ಹೊತ್ತನ್ನು ಇವತ್ತಿಗೂ ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡುತ್ತೇನೆ. ಒಂದು ಸಲವೂ ನಾನು ಕೂಗುವುದಿಲ್ಲ. ನೀರು ಅಪ್ಪನ ಸೊಂಟ ದಾಟಿತು, ಕಾಲು ಜಾರಿತು, ಕೈ ಬಿಟ್ಟಿತು. ಅಪ್ಪ ಕೆಳಗಿನ ತಿರುವಿಗೆ ಹರಿದುಹೋದ. ನೀಲತ್ತಿಯ ಸೆರಗಿನ ಕಲ್ಲುಗಳು ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡು, ಸೀರೆ ಹಗ್ಗದ ಹಾಗೆ ಬಿಗಿದು ನಿಂತಿತು. ಅವಳ ತಲೆ ಮುಳುಗುತ್ತಿತ್ತು, ಏಳುತ್ತಿತ್ತು. ತುಸು ದೂರದಲ್ಲಿ ಒಗೆಯುತ್ತಿದ್ದ ಹೆಂಗಸರು ಓಡಿ ಬಂದು ಹಿಂಡಿಟ್ಟ ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿದರು, ಸ್ಯಾಮುವೆಲಣ್ಣ ಅದನ್ನು ನಡುವಿಗೆ ಕಟ್ಟಿಕೊಂಡು ಇಳಿದು ಅವಳನ್ನು ಎಳೆದು ತಂದರು. ಅಪ್ಪ ಮರದ ಬೇರು ಹಿಡಿದು ದಂಡೆ ಹತ್ತಿ, ಹಣೆಯ ರಕ್ತ ಒರೆಸಿಕೊಳ್ಳುತ್ತ ನಡೆದು ಬಂದ.

ನೀಲತ್ತಿ ನೀರು ಕಾರಿಕೊಂಡು, ನಡುಗುತ್ತ ನನ್ನ ಕಡೆ ತಿರುಗಿದಳು. "ಪುಟ್ಟಿ, ಈ ಸಲ ಪೂರಾ ಮುಳುಗಿತ್ತೇನ?"

"ಹೂಂ ಅತ್ತಿ. ಪೂರಾ."

ಸ್ಯಾಮುವೆಲಣ್ಣ ಅಪ್ಪನನ್ನು ಮೆಲ್ಲಗೆ ಕೇಳಿದರು, "ಪ್ರಾರ್ಥನೆ ಮುಗಿದಿತ್ತಾ?" ಅಪ್ಪ ಇಲ್ಲ ಎಂದು ತಲೆಯಾಡಿಸಿದ.

ಅವರು ಬಸ್ಸು ಹತ್ತಿ ಹೋದರು. ನೀಲತ್ತಿ ಮತ್ತೆ ನದಿಗಿಳಿಯಲಿಲ್ಲ, ಅಪ್ಪ ಮತ್ತೆ ಕೇಳಲಿಲ್ಲ. ಸ್ವಲ್ಪ ದಿನಕ್ಕೆ ಭಾನುವಾರದ ಚಾಪೆಯೂ ಸುತ್ತಿ ಮೂಲೆ ಸೇರಿತು. ಐದು ವರ್ಷದ ಮೇಲೆ ನೀಲತ್ತಿ ಜ್ವರದಲ್ಲಿ ಹೋದಾಗ ಅಜ್ಜಿ ಅದೇ ಬಿಳಿ ಸೀರೆ ಹೊದಿಸಿದಳು, ಗಂಜಿ ಹಾಕದೆ. ಆಮೇಲೆ ಅಜ್ಜಿ. ಮನೆ ಬಿಟ್ಟು ನಾವು ಹಳಿಯಾಳಕ್ಕೆ ಬಂದೆವು. ನಮ್ಮ ಸಾಲಿನ ಮನೆಗಳು ಈಗ ಅಲ್ಲಿಲ್ಲ. ನಾನು ಕಾಲೇಜು ಮುಗಿಸಿದ ವರ್ಷ, ಅಪ್ಪ ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು, ಎಮ್ಮೆಕಲ್ಲಿನ ವಿಷಯ ಅವನಿಗೆ ಹೇಳಿಬಿಟ್ಟೆ. "ನಾನೂ ನೋಡಿದ್ದೆ," ಅಂದ. "ದೇವರು ನನಗ ಪರೀಕ್ಷಾ ಮಾಡಾಕತ್ತಾನ, ಕೈ ಇಳಿಸಬಾರದು ಅಂದ್ಕೊಂಡೆ. ಇಳಿಸೂದ ಪರೀಕ್ಷಾ ಇತ್ತೋ ಏನೋ, ಪುಟ್ಟಿ."

ಮನೆಯ ಚಾಪೆ ಸುತ್ತಿಟ್ಟರೂ ಅಪ್ಪನ ಪಂಗಡದ ಭಾನುವಾರದ ಪ್ರಾರ್ಥನೆಗೆ ನಾನು ಈಗಲೂ ಹೋಗುತ್ತೇನೆ. ಸತ್ತವರ ಪರವಾಗಿ ನೀರಿಗಿಳಿಯುವ ಚೀಟಿ ನನ್ನ ಮೇಜಿನ ಖಾನೆಯಲ್ಲಿದೆ. ಅದರಲ್ಲಿ ನೀಲತ್ತಿಯ ಹೆಸರು ಬರೆದು ವರ್ಷಗಳಾದವು. ಈ ಸ್ನಾನಕ್ಕೆಂದೇ ಇರುವ ಮಾರ್ಮನ್ ದೇವಾಲಯದ ಕೊಳದಲ್ಲಿ ನೀರು ಸೊಂಟದ ಮಟ್ಟಕ್ಕೇ ನಿಂತಿರುತ್ತದಂತೆ, ಏರುವುದಿಲ್ಲವಂತೆ. ಅವಳ ಬದಲು ಮುಳುಗುವವರ ಹೆಸರಿನ ಜಾಗ ಖಾಲಿಯೇ ಇತ್ತು. ಮೊನ್ನೆ ಇಸ್ತ್ರಿ ಗಾಡಿಯ ಮುಂದೆ ಕಾಲು ನಿಂತ ದಿನ ಮನೆಗೆ ಬಂದು ಅಲ್ಲಿ ನನ್ನ ಹೆಸರು ಬರೆದೆ. ಆ ಕೊಳದ ದಂಡೆಯ ಮೇಲೆ ನಿಂತು ನೋಡುವವರು ಬೇರೆ ಯಾರೋ ಇರುತ್ತಾರೆ. ನನ್ನ ಬಟ್ಟೆಯ ತುದಿ ತೇಲಿದರೆ ಅವರು ಹೇಳಲಿ. ಮತ್ತೆ ಮುಳುಗುತ್ತೇನೆ.